ಮೂರಕ್ಕೇ ಬಾರಿಸಿದ ಸಂಜೆಯ ಗಂಟೆ

ಬೆಸುಗೆಯ ಕಡ್ಡಿ ಕಾಯಿಸುವ ಮೊದಲು ಶಾಂತಿನಾಥ ಮೆತ್ತನೆಯ ಅರಿವೆಯಿಂದ ಮೇಜಿನ ಮೇಲಿನ ಇರುವೆಗಳನ್ನು ಸರಿಸುತ್ತಿದ್ದ. ಗಿರಾಕಿ ಎಷ್ಟೇ ಅವಸರ ಮಾಡಿದರೂ ಇದೊಂದು ತಪ್ಪುತ್ತಿರಲಿಲ್ಲ. ಬೇಡಕಿಹಾಳದಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ; ನಿಪ್ಪಾಣಿಯ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯಲೂ ಕಲಿತಿದ್ದ.

೧೯೯೬ರಲ್ಲಿ ಅವನು ಬಸದಿಗೊಂದು ಕರೆಂಟಿನ ಗಂಟೆ ಮಾಡಿಕೊಟ್ಟ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರನ್ನು ಅದು ಸ್ವಲ್ಪ ಮೊದಲೇ ಎಚ್ಚರಿಸಬೇಕು. ವರ್ಷವಿಡೀ ಸೂರ್ಯ ಮುಳುಗುವ ವೇಳೆಗಳನ್ನು ಪ್ರೋಗ್ರಾಮಿನಲ್ಲಿ ಬರೆದಿದ್ದ.

ಒಂದು ದಿನ ಅದು ಮಧ್ಯಾಹ್ನ ಮೂರಕ್ಕೇ ಬಾರಿಸಿತು. ಹೊರಗೆ ಬಿಸಿಲು ಉರಿಯುತ್ತಿತ್ತು. ಮಗನ ಯಂತ್ರ ಸುಳ್ಳು ಹೇಳೀತೇ ಎಂದು ತಾಯಿ ತಾರಾಬಾಯಿ ಉಂಡ ಊಟದ ಮೇಲೆ ಮತ್ತೆ ಉಂಡಳು. ಮರುದಿನ ಕತ್ತಲಾದ ಮೇಲೆ ಬಾರಿಸಿತು. ಗಂಟೆಗೆ ಕಾದು ಕೂತ ಅವಳು ಉಪವಾಸ ಬಿದ್ದಳು.

"ನಾಳೆ ತಪ್ಪಿದ್ರ ಕೆಳಗ ಇಳಿಸಿಬಿಡ್ತೀನಿ ನೋಡಪಾ," ಎಂದರು ಬಸದಿಯ ಕಾರಭಾರಿ ಕಾಕಾಸಾಹೇಬರು.

ಮರುದಿನ ಬೆಳಗಿನಿಂದ ಶಾಂತಿನಾಥ ಗಂಟೆಯ ಕೆಳಗೇ ಕೂತ. ಕಬ್ಬಿನ ಹೊಲಗಳ ಪಂಪು ಶುರುವಾದಾಗ ಕರೆಂಟು ಕುಗ್ಗಿ ಬಸದಿಯ ಬಲ್ಬು ಕೆಂಪಾಗುತ್ತಿತ್ತು. ಆಗಲೇ ಗಂಟೆಯೊಳಗಿನ ವೇಳೆಗಳು ಕಲಸಿಹೋಗುತ್ತಿದ್ದವು. ಪ್ರೋಗ್ರಾಮ್ ಮಾತ್ರ ಕೆಡದೆ ನೆಟ್ಟಗಿತ್ತು. ಅವನು ಹಣೆ ಬಡಿದುಕೊಂಡ.

"ಏನಾತೋ?" ಎಂದಳು ಬಸದಿಗೆ ಬಂದಿದ್ದ ತಾರಾಬಾಯಿ.

"ನಾ ಬರದದ್ದನ್ನ ಗಂಟಿಯೊಳಗಿನ ಚಿಪ್ಪಿಗೆ ತಿಳಿಯೂ ಹಂಗ ಮಾಡಿ, ಯಾವುದು ಎಲ್ಲಿರಬೇಕಂತ ಜಾಗಾ ಹಂಚೂದು ಕಂಪೈಲರ್ ಅನ್ನೂ ಇನ್ನೊಂದು ಪ್ರೋಗ್ರಾಮ್ ಬೇ. ಇದು ಬದಲಾಗಂಗಿಲ್ಲಂತ 'ಕಾನ್ಸ್ಟ್' ಬರದ್ರ, ರಾಮ್‌ನಾಗಲ್ಲ, ಪ್ರೋಗ್ರಾಮಿನ ಜೋಡಿ ಅಳಿಸಿ ಹೋಗಲಾರದ ರೋಮ್‌ನಾಗ ಇಡತೈತಿ. ಬರೀಲಿಲ್ಲಂದ್ರ ಬದಲಾಗೂದಂತ ತಿಳದು ರಾಮ್‌ನಾಗ ಇಡತೈತಿ. ಕರೆಂಟ್ ಕುಗ್ಗಿದ್ರ ಅಲ್ಲಿದ್ದದ್ದು ಕೆಡತೈತಿ."

"ಸೂರ್ಯಾ ವರ್ಷಾ ವರ್ಷಾ ಅದ ಹೊತ್ತಿಗೆ ಮುಳುಗತಾನಂತ ನೀ ಅದಕ್ಕ ಹೇಳಲೇ ಇಲ್ಲೇನೋ?"

"ಇಲ್ಲಬೇ."

"ಊರಿಗೆಲ್ಲಾ ಗೊತ್ತೈತೆಲ್ಲೋ!"

"ಊರಿಗೆ ಗೊತ್ತೈತಿ. ಕಂಪೈಲರಿಗೆ ಗೊತ್ತಿಲ್ಲ."

"ಹಂಗಾರ ಅದಕ್ಕೇನೂ ಅನಬ್ಯಾಡ. ಅದರ ಪಾಲಿಂದು ಅದು ಮಾಡೇತಿ."

ಶಾಂತಿನಾಥ ಅಂಗಡಿಗೆ ಓಡಿ ವೇಳೆಗಳ ಮುಂದೆ 'ಕಾನ್ಸ್ಟ್' ಎಂಬ ಆ ಒಂದು ಮಾತು ಸೇರಿಸಿದ. ಹೊಸ ಚಿಪ್ಪಿಗೆ ತುಂಬಿ ತಂದು ಕೂರಿಸಿದ. ಸಂಜೆ ಮತ್ತೆ ಪಂಪು ಶುರುವಾಯಿತು. ಬಲ್ಬು ಕೆಂಪಾಯಿತು. ಮನೆಯಲ್ಲಿ ತಾರಾಬಾಯಿ ತಾಟಿನ ಮುಂದೆ ಕೈಕಟ್ಟಿ ಕೂತಿದ್ದಳು. ಗಂಟೆ ಸರಿಯಾಗಿ ಬಾರಿಸಿತು. ಅವಳು ಭಕ್ರಿ ಮುರಿದಳು.

ಕಾಕಾಸಾಹೇಬರು ಅವನನ್ನು ಪಕ್ಕಕ್ಕೆ ಕರೆದರು. "ಎರಡ ಸಲ ಉಂಡವರು ಇನ್ನೂ ಹೊಟ್ಟಿ ಹಿಡಕೊಂಡ ನಿನ್ನ ಬೈಯಾಕತ್ತಾರ. ಎಲ್ಲಾ ಕರೆಂಟಿನ ತಪ್ಪಂತ ಮೈಕಿನ್ಯಾಗ ಹೇಳಿಬಿಡ್ತೀನಿ, ನಿನ್ನ ಹೆಸರ ಉಳೀತೈತಿ."

"ಬ್ಯಾಡ್ರಿ ಕಾಕಾ," ಎಂದ ಶಾಂತಿನಾಥ. "ಕರೆಂಟಿಗೆ ಬೈಯಾವರು ಮೊದಲ ಭಾಳ ಮಂದಿ ಅದಾರ. ಈ ತಪ್ಪು ನಂದು, ನನಗ ಇರಲಿ."