ಸುರಕ್ಷಿತ ಸಾಲಗಾರ

ಇಲ್ಲ ಎನ್ನುವುದಕ್ಕೆ ಸಂಬಳ ಪಡೆಯುವವನು ನಾನು. ನೈರೋಬಿಯ ಅಪ್ಪರ್ ಹಿಲ್‌ನ ಒಂದು ಬ್ಯಾಂಕಿನ ಒಂಬತ್ತನೇ ಮಹಡಿಯಲ್ಲಿ ಕುಳಿತು ಯಾರಿಗೆ ಸಾಲ ಕೊಡಬಹುದು, ಯಾರಿಗೆ ಕೊಡಬಾರದು ಎಂದು ಬರೆಯುವುದು ನನ್ನ ಉದ್ಯೋಗ. ಸ್ವಭಾವತಃ ನಾನು ಇಲ್ಲ ಎನ್ನಲಾರದ ಮನುಷ್ಯ. ಮೈಸೂರಿನಲ್ಲಿದ್ದಾಗ ಬಾಗಿಲಿಗೆ ಬಂದ ಅಗರಬತ್ತಿ ಮಾರುವವರೆಲ್ಲ ನನ್ನೊಬ್ಬನಿಂದಲೇ ಉದ್ಧಾರವಾದರೆಂದು ಹೆಂಡತಿ ಸುಮನಾ ಈಗಲೂ ಹೇಳುತ್ತಾಳೆ. ನೈರೋಬಿಗೆ ಬಂದ ಮೇಲೆ ಇಲ್ಲ ಎಂಬುದನ್ನು ಕಾಗದದ ಮೇಲೆ, ಕಾರಣಸಹಿತ, ನಯವಾಗಿ ಬರೆಯಲು ಕಲಿತೆ. ಎದುರಿಗೆ ಮನುಷ್ಯರಿಲ್ಲದಿದ್ದರೆ ಅದೇನೂ ಅಷ್ಟು ಕಷ್ಟವಲ್ಲ.

ಮರ್ಸಿಯವರು ಎದುರಿಗೆ ಬಂದು ಕುಳಿತದ್ದೇ ತೊಂದರೆಯಾಯಿತು.

ಐವತ್ತು ದಾಟಿದ ಹೆಂಗಸು. ಊರಾಚೆಯ ಹಳೆಯ ಗೋದಾಮೊಂದರಲ್ಲಿ ಹನ್ನೊಂದು ಹೊಲಿಗೆ ಯಂತ್ರ ಇಟ್ಟುಕೊಂಡು ಸರ್ಕಾರಿ ಆಸ್ಪತ್ರೆಗಳಿಗೆ ಬೆಡ್‌ಶೀಟು, ರೋಗಿಗಳ ನಿಲುವಂಗಿ ಹೊಲಿದು ಕೊಡುತ್ತಿದ್ದರು. ಯಂತ್ರಗಳಿಗೆ ಸಾಲ ಕೊಟ್ಟದ್ದು ನಮ್ಮ ಬ್ಯಾಂಕು, ಶಿಫಾರಸು ಬರೆದದ್ದು ನಾನು. ಮೂರು ವರ್ಷ ಒಂದು ಕಂತೂ ತಪ್ಪಲಿಲ್ಲ. ಆಮೇಲೆ ಸರ್ಕಾರದಿಂದ ಬಿಲ್ಲಿನ ಹಣ ಬರುವುದು ನಿಂತಿತು. ನಿಂತಿದೆ ಎಂದು ಯಾರೂ ಹೇಳಲಿಲ್ಲ. ಮುಂದಿನ ತಿಂಗಳು ಎಂದರು, ಬಜೆಟ್ ಆಗಲಿ ಎಂದರು. ಹದಿನಾಲ್ಕು ತಿಂಗಳು ಕಳೆದವು. ಹೊಲಿಯುವ ಹೆಂಗಸರಿಗೆ ಸಂಬಳ ಕೊಡಲು ಮರ್ಸಿ ತಮ್ಮ ಪಿಕಪ್ ವ್ಯಾನ್ ಮಾರಿದರು. ಕೊನೆಗೆ ನಮ್ಮ ಕಂತೂ ತಪ್ಪಿತು.

ಅದೇ ಹೊತ್ತಿನಲ್ಲಿ ಸರ್ಕಾರ, ಹಳೆಯ ಸಾಲ ತೀರಿಸುವುದಕ್ಕೆಂದು, ಒಳ್ಳೆಯ ಬಡ್ಡಿಯ ಬಾಂಡುಗಳನ್ನು ಮಾರಿ ಹೊಸ ಸಾಲ ಎತ್ತುತ್ತಿತ್ತು. ಬ್ಯಾಂಕುಗಳೆಲ್ಲ ಅತ್ತಲೇ ಓಡಿದವು. ಸರ್ಕಾರ ದೊಡ್ಡ ಸಾಲಕ್ಕೆ ನಿಂತರೆ ಸಣ್ಣವರಿಗೆ ಸಾಲ ಹುಟ್ಟುವುದಿಲ್ಲ ಎಂಬುದು ಕಾಲೇಜಿನಲ್ಲಿ ನಮಗೆ ಐದು ಅಂಕದ ಪ್ರಶ್ನೆಯಾಗಿತ್ತು. ನಾನು ರೇಖಾಚಿತ್ರ ಬರೆದು ಐದನ್ನೂ ಗಿಟ್ಟಿಸಿದ್ದೆ. ಅರ್ಥವಾದದ್ದು ಮಾತ್ರ ಇಲ್ಲಿನ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ. ಮೂಟೆಗಳೊಂದಿಗೆ ಹತ್ತಿದವನೊಬ್ಬ ಎರಡರಷ್ಟು ಚಾರ್ಜು ಕೊಟ್ಟ. ಕಂಡಕ್ಟರು ಸೀಟಿನ ಅಂಚಿನಲ್ಲಿದ್ದ ಮುದುಕಿಗೆ ಮುಂದಿನ ಗಾಡಿಯಲ್ಲಿ ಬನ್ನಿ ಎಂದು ಮರ್ಯಾದೆಯಿಂದಲೇ ಹೇಳಿ ಇಳಿಸಿದ.

ಮರ್ಸಿ ಮುದ್ರೆ ಬಿದ್ದ ಬಿಲ್ಲುಗಳ ಫೈಲನ್ನು ನನ್ನ ಮೇಜಿನ ಮೇಲಿಟ್ಟು ಆರು ತಿಂಗಳ ಗಡುವು ಕೇಳಿದರು. ಕಷ್ಟ ಎಂದೆ. ಅವರು ಸಿಟ್ಟಾಗಲಿಲ್ಲ.

“ಸರ್ಕಾರ ಯಾವಾಗ ಕೊಡುತ್ತೋ ಗೊತ್ತಿಲ್ಲ, ಅದಕ್ಕೇ ನನ್ನನ್ನು ನಂಬೋಕಾಗಲ್ಲ ಅಂತೀರಿ. ಸರಿ. ಆದರೆ ನಿಮ್ಮ ಬ್ಯಾಂಕು ಅದೇ ಸರ್ಕಾರಕ್ಕೆ ಸಾಲ ಕೊಡುತ್ತಲ್ಲ, ಅದು ಹೇಗೆ ಸುರಕ್ಷಿತ?”

ಬಾಂಡು ಬೇರೆ, ಬಿಲ್ಲು ಬೇರೆ ಎಂದು ವಿವರಿಸಿದೆ. ಬಾಂಡಿನ ಬಡ್ಡಿ ಒಂದು ಸಲ ತಪ್ಪಿದರೂ ನಾಳೆ ಯಾರೂ ಸಾಲ ಕೊಡುವುದಿಲ್ಲ, ಆದ್ದರಿಂದ ಅದನ್ನು ಹೇಗಾದರೂ ಕಟ್ಟಿಯೇ ಕಟ್ಟುತ್ತಾರೆ ಎಂದೆ.

“ಹಾಗಾದರೆ ಬಾಂಡಿನವರಿಗೆ ಕೊಡೋದಕ್ಕೆ ನನ್ನದನ್ನು ನಿಲ್ಲಿಸಿದ್ದಾರೆ,” ಎಂದರು ಮರ್ಸಿ.

ನಾನು ವರ್ಷವಿಡೀ ನಲವತ್ತು ಪುಟಗಳಲ್ಲಿ ಬರೆಯುವುದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದ್ದರು. ನಾನು ಚಹಾ ತರಿಸಿದೆ.

ಸಂಜೆ ಲಂಗಾಟಾದ ಮನೆಯಲ್ಲಿ ಊಟದ ಮೇಜಿನ ಮುಂದೆ ಇದನ್ನೆಲ್ಲ ಹೇಳಿದೆ. ಸುಮನಾ ಚಪಾತಿ ಬಡಿಸುತ್ತಾ ಕೇಳಿದಳು: “ರೀ, ನಮ್ಮ ಸೇವಿಂಗ್ಸ್ ಕೂಡ ಅದೇ ಬಾಂಡಲ್ಲಿ ಅಲ್ವಾ ಇರೋದು? ಬಡ್ಡಿ ಬಂತಾ?”

“ಬಂತು. ಹೇಳಿದ ದಿನವೇ ಬಂತು.”

ಹನ್ನೆರಡು ವರ್ಷದ ಮಗಳು ತಟ್ಟೆಯಿಂದ ತಲೆಯೆತ್ತಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಸೋ, ಅಪ್ಪಾ, ವಿ ಗಾಟ್ ಹರ್ ಮನಿ?”

ಸುಮನಾ ನನ್ನ ಮುಖ ನೋಡಲಿಲ್ಲ. ಅಷ್ಟು ಸರಳವಾಗಿ ಹೇಳಲಾಗದು ಎಂದೆ. ಅಷ್ಟು ಸರಳವಾಗಿಯೇ ಇತ್ತು.

ಮರುದಿನ ಮರ್ಸಿಯ ಪರವಾಗಿ ಮೂರು ಪುಟ ಬರೆದೆ. ಸಾಲ ಸಮಿತಿಯ ಅಧ್ಯಕ್ಷರು ಅದನ್ನು ಪೂರ್ತಿ ಓದಿದರು. ಒಳ್ಳೆಯ ಮನುಷ್ಯ. “ಚೆನ್ನಾಗಿ ಬರೆದಿದ್ದೀರಿ. ಆದರೆ ಇದೇ ದುಡ್ಡನ್ನು ಬಾಂಡಿನಲ್ಲಿಟ್ಟರೆ ಇಷ್ಟೊಂದು ಬರೆಯುವ ಶ್ರಮವೇ ಇರುವುದಿಲ್ಲವಲ್ಲ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದು ಈಗಲೂ ಚುಚ್ಚುತ್ತದೆ. ಜಪ್ತಿಯ ಆದೇಶದ ಕಾಗದ ನನ್ನ ಮುಂದೆ ಬಂದಾಗ ಸಹಿಯನ್ನೂ ಹಾಕಿದೆ.

ಯಂತ್ರಗಳನ್ನು ಒಯ್ಯುವ ದಿನ, ಹೋಗಬೇಕಾಗಿರದಿದ್ದರೂ, ಹೋದೆ. ಹೊಲಿಯುವ ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಒಂದು ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ನಿಲುವಂಗಿ ಹಾಗೇ ಇತ್ತು. ಮರ್ಸಿ ದಾರ ಕತ್ತರಿಸಿ, ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಕೂಲಿಗಳಿಗೆ ದಾರಿ ಬಿಟ್ಟರು. ನನ್ನನ್ನು ಕಂಡು ಹತ್ತಿರ ಬಂದು “ಪೋಲೆ” ಎಂದರು. ಇನ್ನೊಬ್ಬರ ಕಷ್ಟ ಕಂಡಾಗ ಇಲ್ಲಿನವರು ಹೇಳುವ ಸಮಾಧಾನದ ಮಾತು ಅದು. ನಾನು ಹೇಳಬೇಕಾದದ್ದನ್ನು ಅವರೇ ಹೇಳಿದರು. ನನ್ನ ಮುಖ ಹಾಗಿತ್ತೋ ಏನೋ.

ಆ ಹನ್ನೊಂದು ಯಂತ್ರಗಳು ಗುಜರಿಯ ಬೆಲೆಗೆ ಹೋದವು. ಸಾಲ ಪೂರ್ತಿ ತೀರಲಿಲ್ಲ. ಸರ್ಕಾರದ ಹಣ ಇನ್ನೂ ಬಂದಿಲ್ಲ. ಮರ್ಸಿ ಈಗ ಬೇರೆಯವರ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಾರಂತೆ.

ಖಾತೆ ಮುಚ್ಚುವಾಗ ಕಂಪ್ಯೂಟರಿನ ಫಾರಂನಲ್ಲಿ ಸಾಲ ಕೆಟ್ಟದ್ದಕ್ಕೆ ಕಾರಣ ತುಂಬಬೇಕು. ಕಾರಣಗಳ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ: ಮರಣ, ಬೆಂಕಿ, ವಂಚನೆ, ದುರ್ಬಲ ಆಡಳಿತ. ಬಹಳ ಹೊತ್ತು ನೋಡಿ ಕೊನೆಯದನ್ನು ಒತ್ತಿದೆ. ಯಾರ ಆಡಳಿತ ಎಂದು ಫಾರಂ ಕೇಳಲಿಲ್ಲ.