ಮದುಮಗನ ಅಂಗೈಯ ಅಕ್ಷರ

ದೆವ್ವ, ಶಕುನ ಎಂದು ಯಾರಾದರೂ ಶುರುಮಾಡಿದರೆ ಚಹಾ ಅರ್ಧಕ್ಕೆ ಬಿಟ್ಟು ಎದ್ದುಬರುತ್ತಿದ್ದವನು ನಾನು. ಗಿರಣಿ ಶುರುವಾದಾಗ, ಸಂಘದ ಬೆಳ್ಳಿಹಬ್ಬಕ್ಕೆ, ಯಾರದೋ ಪುಣ್ಯತಿಥಿಗೆ ಹೆಸರು ಬರೆಸಿ ಹಂಚಿದ ನೆನಪಿನ ಚಾಕುಗಳನ್ನು ಕೂಡಿಡುವುದು ನನ್ನ ಹುಚ್ಚು. ಬೈಲಹೊಂಗಲ ಸುತ್ತಿನ ಊರುಗಳಲ್ಲಿ ಅಂಥದೊಂದು ಯಾರಿಗೆ ಸಿಕ್ಕರೂ ಅಸಲಿಯೋ ನಕಲಿಯೋ, ಎಷ್ಟು ಬೆಲೆ ಬಾಳೀತು ಎಂದು ನನ್ನನ್ನೇ ಕೇಳುತ್ತಾರೆ. ಅದರ ಜಂಬವೂ ಇತ್ತೆನ್ನಿ.

ಕೆಲವು ವರ್ಷಗಳ ಹಿಂದೆ ಗೆಳೆಯನ ಮಗ ಈರಣ್ಣನ ಮದುವೆಗೆಂದು ಚಚಡಿಗೆ ಹೋಗಿದ್ದೆ. ನಮ್ಮಲ್ಲಿ ಅರಿಷಿಣ ಹಚ್ಚಿದಾಗಿನಿಂದ ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಮದುಮಗ, ತುದಿಗೆ ಲಿಂಬಿಹಣ್ಣು ಚುಚ್ಚಿದ ಚಾಕುವನ್ನು ಕೈಬಿಡುವಂತಿಲ್ಲ. ಬಿಟ್ಟರೆ ಕೇಡು ಅನ್ನುತ್ತಾರೆ. ಈರಣ್ಣನ ಮುಷ್ಟಿಯಲ್ಲಿದ್ದ ಹಳೆಯ ಹಿತ್ತಾಳೆ ಹಿಡಿಕೆ ಕಂಡದ್ದೇ ನನಗೆ ತಡೆಯಲಾಗಲಿಲ್ಲ. ಹಿರಿಯರು ಅತ್ತ ಹೋದಾಗ ಇಸಿದುಕೊಂಡೆ.

ಬೆವರು ತಾಗದಂತೆ ಬೆರಳ ತುದಿಯಲ್ಲಿ ಹಿಡಿದು, ಕಿಟಕಿಯ ಬಿಸಿಲಿನಲ್ಲಿ, ಸದಾ ಕಿಸೆಯಲ್ಲಿರುವ ಭೂತಗನ್ನಡಿ ಇಟ್ಟು ನೋಡಿದೆ. ಇಂಥವಕ್ಕೆ ಅಕ್ಷರದಿಂದಲೇ ಬೆಲೆ. ಅಚ್ಚೊತ್ತಿದ್ದಾದರೆ ಗೆರೆ ನಯ, ಆಸಿಡ್ ಹಾಕಿ ಕೊರೆದ ನಕಲಿಯಾದರೆ ಅಂಚು ಒರಟು. ಇದರಲ್ಲಿ ಒಂದಕ್ಷರವೂ ಇಲ್ಲ, ಉಜ್ಜಿ ಅಳಿಸಿದ ಗುರುತೂ ಇಲ್ಲ. ಬರೀ ಚಾಕು, ಏನೂ ಬಾಳದು ಎಂದೆ. ಅಜ್ಜ ಬಸಪ್ಪನ ಕಾಲದಿಂದ ಹೀಗೇ ಇದೆ ಎನ್ನುತ್ತ ಈರಣ್ಣ ಅದನ್ನು ಪಡೆಯಲು ಕೈ ಚಾಚಿದ.

ಅರಿಷಿಣ ಮೆತ್ತಿದ ಆ ಅಂಗೈಯಲ್ಲಿ ಎರಡು ಸಾಲು ಅಕ್ಷರ ಒತ್ತಿಕೊಂಡಿದ್ದವು. ಹಿಡಿಕೆಯ ಅಚ್ಚು ಚರ್ಮದ ಮೇಲೆ ಬಿದ್ದರೆ ತಿರುವುಮುರುವಾಗಿ ಕಾಣಬೇಕು. ಇವು ನೆಟ್ಟಗಿದ್ದವು: ಈರಣ್ಣನವರ ನೆನಪಿಗಾಗಿ. ಆ ಮನೆಯಲ್ಲಿ ಆ ಹೆಸರಿನವನು ಅವನೊಬ್ಬನೇ.

ಹಾಗೆ ಬರೆಸುವುದು ಸತ್ತವರಿಗೆ. ಹೊರಗೆ ಬಾಜಾ ಜೋರಾಯಿತು, ಮದುಮಗನನ್ನು ಕರೆಯುತ್ತಿದ್ದರು. ಹೇಳಿದರೆ ಮದುವೆ ನಿಲ್ಲುತ್ತದೆ. ಹೇಳದೆ ಏನಾದರೂ ಆದರೆ? ಅರಿಷಿಣ ಒರೆಸುವ ನೆಪದಲ್ಲಿ ಹೆಬ್ಬೆರಳಿನಿಂದ ಬಲವಾಗಿ ತಿಕ್ಕಿದೆ. ಅಳಿಯಲಿಲ್ಲ. ಚಾಕು ಕೊಟ್ಟುಬಿಟ್ಟೆ, ಅವನು ಮುಷ್ಟಿ ಬಿಗಿದು ನಡೆದ. ಎಲ್ಲರೂ ಅಕ್ಕಿಕಾಳು ಹಾಕುತ್ತಿದ್ದರೆ ನಾನು ಅವನ ಮುಖವನ್ನೇ ನೋಡುತ್ತ ನಿಂತಿದ್ದೆ. ಏನೂ ಆಗಲಿಲ್ಲ.

ಈರಣ್ಣ ಇಂದಿಗೂ ಗಟ್ಟಿಮುಟ್ಟಾಗಿದ್ದಾನೆ. ಬಿಸಿಲಿಗೆ ಕಣ್ಣು ಮೋಸಮಾಡಿತು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಿದ್ದೆ. ಕಳೆದ ವಾರ ತನ್ನ ತಮ್ಮನ ಮದುವೆಗೆ ಕರೆಯಲು ಬಂದವನು ಆ ಚಾಕುವನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟ.

"ಇದನ್ನ ತಮ್ಮನ ಕೈಯಾಗ ಕೊಡಾಕ ನನಗ ಧೈರ್ಯ ಇಲ್ಲರಿ ಕಾಕಾ. ಆವತ್ತ ನೀವು ಓದಿದ್ದನ್ನ ನಾನೂ ಓದೇನಿ," ಎಂದ.

ಅವನು ಹೋಗಿ ವಾರವಾಯಿತು. ಇದು ಏನು, ಹೇಗೆ ಎಂದು ನನಗೆ ತಿಳಿಯದು. ಚಾಕು ಮೇಜಿನ ಮೇಲೆಯೇ ಇದೆ. ಎತ್ತಿಡಬೇಕೆಂದರೆ ಅದನ್ನು ಕೈಯಲ್ಲಿ ಹಿಡಿಯಬೇಕು.