ಇಂಜಿನ್ ಡಬ್ಬಿಯ ಮೇಲಿನ ಜಾಗ

ಇನ್ನೂರೈವತ್ತು ರೂಪಾಯಿ. ಗುಜರಿಯವನು ಆರುನೂರು ಹೇಳಿದ್ದ. ಹಳೆಯ ಶಾಲಾ ವ್ಯಾನಿನ ಸೀಟು, ಒಂದು ಕಡೆ ಹರಿದಿದೆ. ಕೂತು ಚಪ್ಪಲಿ ಹಾಕಿಕೊಳ್ಳಲು ಬೇಕಿತ್ತೆಂದು ಮನೆಯಲ್ಲಿ ಹೇಳಿದ್ದೇನೆ. ನಿಜವಾಗಿ ಬಿಸಿಲಿಗೆ ಕಾದ ರೆಕ್ಸಿನ್ ವಾಸನೆಗೆ ಸೋತೆ. ಇಲ್ಲದಿದ್ದರೆ ಇನ್ನೂರಕ್ಕೆ ಇಳಿಸುತ್ತಿದ್ದೆ.

ಜೋಸೆಫನ ವ್ಯಾನಿನಲ್ಲೂ ಇದೇ ವಾಸನೆ. ಗದಗಿನಿಂದ ಒಂದು ಗಂಟು ಹೊತ್ತು ನಾಗಪುರಕ್ಕೆ ಬಂದ ನಾನು ಆಗ ಅಲ್ಲಿನ ಹಿಂಗಣಾದ ಕಾರ್ಖಾನೆಯವರಿಗೆ ಲುಂಗಿ, ಟವೆಲ್ ಮಾರುತ್ತಿದ್ದೆ. ಮಗಳು ಸುಮಾಳನ್ನು ದೂರದ ಚರ್ಚ್ ಶಾಲೆಗೆ ಸೇರಿಸಿದ್ದೆವು. ನಮ್ಮ ಗಲ್ಲಿಯ ಮಕ್ಕಳನ್ನು ಅಲ್ಲಿಗೆ ವ್ಯಾನಿನಲ್ಲಿ ಒಯ್ಯುತ್ತಿದ್ದ ಜೋಸೆಫ್ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ವ್ಯಾನಿನ ಬಾಡಿಗೆಯನ್ನು ಮೂರು ದಿನ ಎಳೆದಾಡಿದೆ.

"ಇಷ್ಟಕ್ಕಾದ್ರ ಕೂಸು ಇಂಜಿನ್ ಡಬ್ಬಿ ಮ್ಯಾಲೆ ಕುಂದರಬೇಕಾಕ್ಕೈತಿ ನೋಡ್ರಿ, ಅಣ್ಣಾರ."

"ಕುಂದರತಾಳ ಬಿಡೋ. ಮುಂದಿಂದು ಎಲ್ಲಾ ಕಾಣತೈತಿ."

ಗೆದ್ದೆನೆಂದುಕೊಂಡೆ. ಕೆಳಗೆ ಇಂಜಿನ್ ಇರುವ, ಡ್ರೈವರನ ಪಕ್ಕದ ಆ ಡಬ್ಬಿ ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಎಂದು ಲಾಭಕ್ಕೆ ಇನ್ನೊಂದು ಲಾಭ ಸೇರಿಸಿಕೊಂಡೆ. ಆಮೇಲೆ ಏಪ್ರಿಲ್ ಬಂತು. ನಾಗಪುರದ ಏಪ್ರಿಲ್ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಒಂದು ಬೆಳಿಗ್ಗೆ ಸುಮಾ ಪಾಟೀಚೀಲವನ್ನು ಮಂಚದ ಕೆಳಗೆ ತಳ್ಳಿ, "ನಾ ಸ್ಕೂಲಿಗೆ ಬಿಲ್ಕುಲ್ ಹೋಗಂಗಿಲ್ಲ" ಎಂದು ಕೂತುಬಿಟ್ಟಳು. ಎರಡು ದಿನ ಏನು ಮಾಡಿದರೂ ಏಳಲಿಲ್ಲ.

"ವ್ಯಾಪಾರ ಮಾಡಿದವ್ರು ನೀವು, ಕುಂದ್ರಾಕಿ ಆಕಿ," ಎಂದಳು ಹೆಂಡತಿ. "ಒಂದಿನ ನೀವ ಕುಂತ ಬರ್ರಿ."

ಮಧ್ಯಾಹ್ನ ಶಾಲೆ ಬಿಟ್ಟಾಗ ಹೋಗಿ ಕೂತೆ. ಡಬ್ಬಿ ಸುಟ್ಟು ಎರಡನೇ ತಿರುವಿಗೇ ಎದ್ದು ನಿಂತೆ, ತಲೆ ವ್ಯಾನಿನ ಚಾವಣಿಗೆ ಬಡಿಯಿತು. ಮಕ್ಕಳೆಲ್ಲ ನಕ್ಕರು.

"ಕುಂದರ್ರಿ ಅಣ್ಣಾರ," ಎಂದ ಜೋಸೆಫ್, "ಮುಂದಿಂದು ಎಲ್ಲಾ ಕಾಣತೈತಿ."

ಇಳಿದವನೇ ಪೂರಾ ಬಾಡಿಗೆ ಕೊಡುತ್ತೇನೆಂದೆ. "ರೊಕ್ಕ ಇರಲಿ, ಜಾಗಾ ಎಲ್ಲೈತ್ರಿ?" ಎಂದ. ವ್ಯಾನು ತುಂಬಿತ್ತು. ಹೊಸ ಬೆಂಚು ಹಾಕಿಸುವ ತಾಕತ್ತು ಅವನಿಗಿರಲಿಲ್ಲ.

ಭಾನುವಾರ ಆ ವ್ಯಾನು ಸುಮ್ಮನೆ ನಿಂತಿರುತ್ತಿತ್ತು. ಅದೇ ಹೊತ್ತಿಗೆ ನಮ್ಮ ಗಲ್ಲಿಯ ಕ್ರೈಸ್ತರು ಎರಡು ಬಸ್ಸು ಬದಲಿಸಿ ಅದೇ ಶಾಲೆಯ ಚರ್ಚಿಗೆ ಪ್ರಾರ್ಥನೆಗೆ ಹೋಗುತ್ತಿದ್ದರು. ಮನೆಮನೆಗೆ ಹೋಗಿ, ಟವೆಲ್ ಮಾರಿದ ಬಾಯಿಂದಲೇ ವ್ಯಾನಿನ ಸವಾರಿ ಮಾರಿದೆ. ಜೋಸೆಫನಿಗೆ ಖಾಯಂ ಗಿರಾಕಿಗಳಾದರು. ಆ ಧೈರ್ಯದ ಮೇಲೆ ಹಿಂದುಗಡೆ ಒಂದು ಮೆತ್ತನೆಯ ಬೆಂಚು ಹಾಕಿಸಿದ. ಸೋಮವಾರ ಸುಮಾ ಬೆಂಚನ್ನು ಅಂಗೈಯಿಂದ ಒತ್ತಿ ನೋಡಿ, ಹತ್ತಿ ಕೂತಳು.

ಈಗ ಅವಳು ತನ್ನ ಮಗನಿಗೆ ವ್ಯಾನು ಹುಡುಕುತ್ತಿದ್ದಾಳೆ. ನಿನ್ನೆ ಒಬ್ಬ ವ್ಯಾನಿನವನು ಬಾಡಿಗೆ ಹೇಳಿದ. ನಾನು ಮೊದಲು ಒಳಗೆ ಹತ್ತಿ ಮೊಮ್ಮಗನ ಜಾಗದಲ್ಲಿ ಕೂತೆ.

ನೀವೂ ಹಾಗೇ ಮಾಡಿ. ಚೌಕಾಸಿ ಬಿಡಿ ಎನ್ನುವುದಿಲ್ಲ. ಆದರೆ ಮೊದಲು ಮಗುವಿಗೆ ತೋರಿಸಿದ ಜಾಗದಲ್ಲೇ, ಬೇಸಿಗೆಯ ಮಧ್ಯಾಹ್ನ, ಪೂರಾ ಒಂದು ಸುತ್ತು ಕೂತು ಬನ್ನಿ. ಬಾಡಿಗೆಯ ಮಾತು ಇಳಿದ ಮೇಲೆ.